ಅದು ಅರಳುಮರಳಲ್ಲ, ಕಾಯಿಲೆ

'ಅರವತ್ತಕ್ಕೆ ಅರಳುಮರಳು' ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಈಗ ಅರವತ್ತು ದಾಟಿರುವ ನಾನೂ ಒಂದು ಕಾಲಕ್ಕೆ ಅದನ್ನು ನಂಬಿದ್ದೆ. ಹಾಗೆ ನಂಬಿದ್ದರಿಂದ ನಮ್ಮ ಅತ್ತೆಯವರು ನಾಲ್ಕು ದಿನ ಚಿಕಿತ್ಸೆಯಿಲ್ಲದೆ ನರಳಿದರು. ಇನ್ನೊಂದು ಮನೆಯಲ್ಲಿ ಇದೇ ನಂಬಿಕೆಯಿಂದ ಒಬ್ಬ ಸೊಸೆ ಪೆಟ್ಟು ತಿಂದಳು.

ಮೊದಲು ಆ ಸೊಸೆಯ ವಿಷಯ ಹೇಳುತ್ತೇನೆ. ಸಿಂಧನೂರಿನ ಆರ್.ಎಚ್. ಕ್ಯಾಂಪ್‌ಗಳಲ್ಲಿ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳು ನೆಲೆಸಿವೆ. ಅಲ್ಲಿನ ಒಂದು ಸಂಘದ ಸಭೆಗೆ ಹೋಗಿದ್ದಾಗ ಸದಸ್ಯೆಯೊಬ್ಬಳ ಕೆನ್ನೆ ಊದಿತ್ತು. ಅವಳ ಅತ್ತೆ ಮೂರು ದಿನದ ಹಿಂದಿನವರೆಗೂ ಮೊಮ್ಮಕ್ಕಳಿಗೆ ಮೀನಿನ ಮುಳ್ಳು ಬಿಡಿಸಿ ಉಣಿಸುತ್ತಿದ್ದವರು. ಒಂದು ರಾತ್ರಿ ಇದ್ದಕ್ಕಿದ್ದಂತೆ ಎದ್ದು, 'ದೋಣಿ ಹೊರಟಿತು, ಬೇಗ ಏಳಿ' ಎಂದು ಬಂಗಾಳಿಯಲ್ಲಿ ಕೂಗತೊಡಗಿದರು. ಬೆಳಿಗ್ಗೆ ತುಸು ಸರಿಹೋಗಿ, ಸಂಜೆಗೆ ಮತ್ತೆ ಹಾಗೇ ಆದರು. ಸೊಸೆ ತಂದ ಗಂಜಿಯನ್ನು ತಳ್ಳಿ 'ವಿಷ ಹಾಕಿದ್ದಾಳೆ' ಎಂದರು. ಗದ್ದೆಯಿಂದ ಬಂದ ಮಗ ಈ ಮಾತು ಕೇಳಿ ಹೆಂಡತಿಯ ಮೇಲೆ ಕೈ ಮಾಡಿದ.

ಸಂಘದ ಹೆಂಗಸರೇ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದರು. ಮೂತ್ರದಲ್ಲಿ ಸೋಂಕಾಗಿತ್ತು. ವಾರದಲ್ಲಿ ಅಜ್ಜಿ ಅದೇ ಸೊಸೆಯನ್ನು ಹೆಸರು ಹಿಡಿದು ಕರೆದು ಚಹಾ ಕೇಳಿದರು. ವಿಷದ ಮಾತು ಅವರಿಗೆ ನೆನಪೇ ಇರಲಿಲ್ಲ. ಪೆಟ್ಟು ತಿಂದವಳಿಗೆ ನೆನಪಿತ್ತು.

ಎಂ.ಎ. ಓದಿ ಕಾಲೇಜಿನಲ್ಲಿ ಪಾಠ ಹೇಳಿದ ನನಗೂ ಇದು ಹೊಳೆದಿರಲಿಲ್ಲ. ನಮ್ಮ ಅತ್ತೆಯವರು ಕೂಗಾಡಲಿಲ್ಲ. ಹಗಲಿಡೀ ತೂಕಡಿಸುತ್ತ ಊಟ ಬಿಟ್ಟರು. ಜ್ವರವಿರಲಿಲ್ಲ. 'ವಯಸ್ಸಾಯಿತು' ಎಂದು ಸುಮ್ಮನಾದೆ. ಪರೀಕ್ಷೆ ಮಾಡಿಸಿದಾಗ ಶ್ವಾಸಕೋಶದಲ್ಲಿ ಸೋಂಕು ಇತ್ತು.

ಹಿಂದಿನವರು ಇದನ್ನು ಸನ್ನಿ ಎನ್ನುತ್ತಿದ್ದರು, ವೈದ್ಯರು ಡೆಲಿರಿಯಂ ಎನ್ನುತ್ತಾರೆ. ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಬೆಳೆಯುತ್ತದೆ. ಸನ್ನಿ ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಬರುತ್ತದೆ, ಏರಿಳಿಯುತ್ತದೆ, ರಾತ್ರಿ ಹೆಚ್ಚಾಗುತ್ತದೆ. ಮೂತ್ರದ ಸೋಂಕು, ನ್ಯುಮೋನಿಯಾ, ಕೀವಾದ ಹಾಸಿಗೆ ಹುಣ್ಣು, ನಮ್ಮ ರಾಯಚೂರು ಸೀಮೆಯ ಬಿಸಿಲಿಗೆ ದೇಹದ ನೀರು ಬತ್ತುವುದು, ಸಕ್ಕರೆ ಏರುಪೇರಾಗುವುದು, ಹೊಸ ಮಾತ್ರೆ, ಇವುಗಳಲ್ಲಿ ಯಾವುದೂ ಕಾರಣವಾಗಬಹುದು. ವಯಸ್ಸಾದವರಲ್ಲಿ ಸೋಂಕಿದ್ದರೂ ಜ್ವರ ಬಾರದಿರಬಹುದು. ಆದ್ದರಿಂದ ಕಾರಣವನ್ನು ನಾವೇ ತೀರ್ಮಾನಿಸದೆ ಅಂದೇ ವೈದ್ಯರಿಗೆ ತೋರಿಸಬೇಕು. ತಿನ್ನುವ ಮಾತ್ರೆಗಳನ್ನೆಲ್ಲ ಜೊತೆಗೆ ಒಯ್ದು, 'ಇವರು ಮೊದಲು ಹೀಗಿರಲಿಲ್ಲ, ಇಂಥ ದಿನದಿಂದ ಹೀಗಾಗಿದ್ದಾರೆ' ಎಂದು ಒತ್ತಿ ಹೇಳಬೇಕು. ಎಬ್ಬಿಸಿದರೂ ಏಳದಿದ್ದರೆ, ಉಸಿರು ಕಟ್ಟಿದರೆ, ಮಾತು ತೊದಲಿದರೆ, ಒಂದು ಕೈ ಕಾಲು ಸೋತರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಮನೆಯಲ್ಲಿದ್ದಾಗ ಕೈಕಾಲು ಕಟ್ಟಿಹಾಕಬೇಡಿ, ವಾದಕ್ಕಿಳಿಯಬೇಡಿ. ರಾತ್ರಿ ಸಣ್ಣ ದೀಪವಿರಲಿ, ಕನ್ನಡಕ ಕೈಗೆ ಸಿಗುವಂತಿರಲಿ. ವೈದ್ಯರು ಬೇಡವೆಂದಿರದಿದ್ದರೆ ನೀರು ಆಗಾಗ ಕುಡಿಸಿ. ಪೂರ್ತಿ ಎಚ್ಚರವಿಲ್ಲದಾಗ ಬಾಯಿಗೆ ಏನನ್ನೂ ಹಾಕಬೇಡಿ. ಹಳೆಯ ಮಾತ್ರೆ, ನಿದ್ದೆಗುಳಿಗೆ ನೀವಾಗಿಯೇ ಕೊಡಬೇಡಿ. ಸೋಂಕು ಇಳಿದ ಮೇಲೂ ಮನಸ್ಸು ತಿಳಿಯಾಗಲು ಕೆಲವು ದಿನ, ವಾರಗಳೇ ಬೇಕಾಗಬಹುದು.

ಇಷ್ಟೆಲ್ಲ ಮಾಡುವವರು ಯಾರು? ಸೊಸೆಯೇ. ನಿದ್ದೆಗೆಡುವವಳೂ ಅವಳೇ, ಕೂಲಿ ಕಳೆದುಕೊಳ್ಳುವವಳೂ ಅವಳೇ, ಆಪಾದನೆ ಹೊರುವವಳೂ ಅವಳೇ. ಇದನ್ನು ಸೇವೆ ಎಂದು ಹೊಗಳಿ ಬಾಯಿ ಮುಚ್ಚಿಸುವುದು ಸಾಕು. ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆ ತಂದೆತಾಯಿಯ ಹೊಣೆಯನ್ನು ಮಗ, ಮಗಳು, ಪ್ರಾಪ್ತ ವಯಸ್ಸಿನ ಮೊಮ್ಮಕ್ಕಳ ಮೇಲೆ ಹೊರಿಸಿದೆ. ಅದರ ವ್ಯಾಖ್ಯೆಯಲ್ಲಿ ಸೊಸೆಯ ಹೆಸರಿಲ್ಲ! ಅಂದರೆ ಅತ್ತೆಯನ್ನು ನೋಡಬಾರದೆಂದು ನಾನು ಹೇಳುತ್ತಿಲ್ಲ. ರಾತ್ರಿ ಪಾಳಿ ಮಗನೂ ಮಾಡಲಿ, ಮಲಮೂತ್ರದ ಬಟ್ಟೆ ಅವನೂ ಒಗೆಯಲಿ, ಆಸ್ಪತ್ರೆಗೆ ಅವನೇ ಕರೆದೊಯ್ಯಲಿ ಎನ್ನುತ್ತಿದ್ದೇನೆ.

ಮತ್ತೊಂದು ಮಾತು. ಬೇಸತ್ತ ಸೊಸೆ ಮುದುಕಿಗೆ ಹೊಡೆದರೆ, ಉಪವಾಸ ಕೆಡವಿದರೆ ಅದೂ ಹಿಂಸೆಯೇ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಸೊಸೆಯ ಹಾಗೆಯೇ ಅತ್ತೆಗೂ ರಕ್ಷಣೆ ಕೊಡುತ್ತದೆ. ಮಹಿಳೆಯರ ಸಹಾಯವಾಣಿ 181, ಹಿರಿಯರದು 14567.

ಸಹೋದರಿಯರೇ, ವರದಕ್ಷಿಣೆಯ ಕಾಲದಿಂದಲೂ ಅತ್ತೆ ಸೊಸೆಯರನ್ನು ಎದುರಾಬದುರಾ ನಿಲ್ಲಿಸಿ, ನಡುವೆ ಇದ್ದವನು ಪಾರಾಗಿದ್ದಾನೆ. ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ: ನಮ್ಮಲ್ಲಿ ಯಾರ ಮನೆಯಲ್ಲಿ ಮುದುಕರು ಮಲಗಿದ್ದಾರೆ, ಅವರನ್ನು ಒಬ್ಬಳೇ ನೋಡುತ್ತಿರುವವಳು ಯಾರು? ಆ ಮನೆಗೆ ಇಬ್ಬರು ಹೋಗಿ ಬನ್ನಿ. ಮುದುಕಿ ಏನೋ ಅಂದಳೆಂದು ಯಾರಾದರೂ ಕೈ ಎತ್ತಿದರೆ, 'ಮೊದಲು ಆಸ್ಪತ್ರೆಗೆ ನಡಿ' ಎಂದು ಹೇಳುವ ಬಾಯಿ ನಮ್ಮದಾಗಲಿ.