ಫ್ರಿಜ್‌ನಲ್ಲಿ ನೊಣ

ಬೈಲಕುಪ್ಪೆಯ ನನ್ನ ಅಕ್ಕನ ಮನೆಯಲ್ಲಿ ಮೂರು ಮಕ್ಕಳು. ಮೂರೂ ಪ್ರಾಣಿಶಾಸ್ತ್ರದ ಪಾಲಾದವು. ಯಾರೂ ಆಸೆಪಟ್ಟು ತೆಗೆದುಕೊಂಡದ್ದಲ್ಲ. ಪಿಯುಸಿಯಲ್ಲಿ ಪಿಸಿಎಂಬಿ, ಕಣ್ಣು ಮೆಡಿಕಲ್ ಮೇಲೆ, ನೀಟ್ ಕೈಕೊಟ್ಟಿತು, ಬಿ.ಎಸ್ಸಿ. ಅರ್ಜಿ ತುಂಬಿದರು. ಪಿರಿಯಾಪಟ್ಟಣ, ಹುಣಸೂರು ಕಡೆ ಅರ್ಧಕ್ಕರ್ಧ ಮಕ್ಕಳ ಕಥೆ ಇದೇ.

ತಮಾಷೆ ಎಂದರೆ ಒಂದೇ ಕಾಲೇಜು, ಒಂದೇ ಬೆಂಚು, ಆದರೆ ಓದಿದ್ದು ಬೇರೆ ಬೇರೆ ಲೆಕ್ಕದಲ್ಲಿ. 2019ರಲ್ಲಿ ಸೇರಿದ ದೊಡ್ಡವನದು ಹಳೇ ಸಿಬಿಝೆಡ್: ರಸಾಯನ, ಸಸ್ಯ, ಪ್ರಾಣಿ, ಮೂರಕ್ಕೂ ಸಮಪಾಲು. ದೇಶಕ್ಕೇ ಮೊದಲು ನಾವೇ ಎಂದು 2021ರಲ್ಲಿ ರಾಜ್ಯ ಹೊಸ ಶಿಕ್ಷಣ ನೀತಿ ತಂದಿತಲ್ಲ, ಮರುವರ್ಷ ಸೇರಿದ ನಡುವಿನವಳು ಅದಕ್ಕೆ ಸಿಕ್ಕಿದಳು. ಎರಡೇ ವಿಷಯ, ಮೂರನೇ ವರ್ಷ ಒಂದು ಮೇಜರ್, ಇನ್ನೊಂದು ಮೈನರ್, ಬೇಕಿದ್ದರೆ ನಾಲ್ಕನೇ ವರ್ಷ ಆನರ್ಸ್. 2024ರ ಮೇ ತಿಂಗಳಲ್ಲಿ ಸರ್ಕಾರ ಅದನ್ನೂ ಮಡಿಸಿಟ್ಟು, ಮತ್ತೆ ಮೂರು ವರ್ಷ, ಮೂರು ವಿಷಯ ಎಂದಿತು. ಆ ವರ್ಷ ಸೇರಿದ ಚಿಕ್ಕವಳಿಗಾಗಿ ಅಣ್ಣನ ನೋಟ್ಸು ಅಟ್ಟದಿಂದ ಇಳಿಯಿತು.

ಅಕ್ಕನಿಗೆ ಇದೆಲ್ಲ ಅರ್ಥ ಮಾಡಿಸಲು ನಾನು ಪಟ್ಟ ಪಾಡು ಹೇಳತೀರದು. "ಇಪ್ಪತ್ತೊಂದು ತುಂಬ್ತು, ಇನ್ನೂ ಮೈನರ್ ಅಂತಾರಲ್ಲೋ?" "ಅವಳಲ್ಲಕ್ಕಾ, ಸಸ್ಯಶಾಸ್ತ್ರ ಮೈನರ್ರು." "ಹೋಗ್ಲಿ ಬಿಡು, ಇದ್ನ ಓದಿದ್ರೆ ಮೈಸೂರ್ ಝೂನಲ್ಲಿ ಕೆಲ್ಸ ಸಿಗ್ತದಾ?"

ನಡುವಿನವಳಿಗೆ ಆನರ್ಸ್ ಮಾಡುವ ಮನಸ್ಸಿತ್ತು. ಅವಳ ಕಾಲೇಜಿನಲ್ಲಿ ನಾಲ್ಕನೇ ವರ್ಷ ಇರಲಿಲ್ಲ. ಮೈಸೂರಿಗೆ ಹೋಗಬೇಕು, ಹಾಸ್ಟೆಲ್ ಹುಡುಕಬೇಕು. ಮೂರಕ್ಕೇ ನಿಲ್ಲಿಸಿ ಈಗ ಬಿ.ಎಡ್. ಮಾಡುತ್ತಿದ್ದಾಳೆ.

ವರ್ಷ ಮೂರೋ ನಾಲ್ಕೋ ಎಂಬ ಜಗಳ ಬೆಂಗಳೂರಿನವರದು, ಅವರೇ ಆಡಿಕೊಳ್ಳಲಿ. ನನ್ನ ತಕರಾರು ಮೊದಲ ಸೆಮಿಸ್ಟರಿನದು. ಹೈಸ್ಕೂಲಿನಲ್ಲಿ ಸಂಧಿಪದಿ, ಮೃದ್ವಂಗಿ, ಕಂಟಕಚರ್ಮಿ ಎಂದು ಚೆನ್ನಾಗಿ ಕಲಿತ ಹುಡುಗಿ ಡಿಗ್ರಿಗೆ ಬಂದ ದಿನವೇ ಆರ್ತ್ರೋಪೋಡ, ಮೊಲಸ್ಕ ಎಂದು ಬರೆದುಕೊಂಡಳು. ಎರಡೂ ಒಂದೇ ಎಂದು ಯಾರೂ ಹೇಳಲಿಲ್ಲ. ಜಿರಳೆ, ಏಡಿ, ಚೇಳು ಎಲ್ಲಕ್ಕೂ ಕಾಲಿನಲ್ಲಿ ಗೆಣ್ಣುಂಟು ಎಂಬುದು 'ಸಂಧಿಪದಿ' ಎಂಬ ಹೆಸರಿನಲ್ಲೇ ಇದೆ. ಅದನ್ನು ಬಿಟ್ಟು ಸ್ಪೆಲಿಂಗ್ ಉರು ಹೊಡೆಯುವುದೇ ಪ್ರಾಣಿಶಾಸ್ತ್ರವಾಯಿತು. ಪಾಠ ಮಾಡುವ ಅತಿಥಿ ಉಪನ್ಯಾಸಕರಿಗೆ ಮುಂದಿನ ವರ್ಷ ತಾವಿರುತ್ತೇವೋ ಇಲ್ಲವೋ ಎಂಬ ಚಿಂತೆ. ಅವರನ್ನು ಬೈದು ಏನು ಬಂತು?

ಕಳೆದ ತಿಂಗಳು ಜೆರಾಕ್ಸ್ ಅಂಗಡಿಯಲ್ಲಿ ಚಿಕ್ಕವಳ ಜೊತೆ ನಿಂತಿದ್ದೆ. ಇವಳ ಕೈಯಲ್ಲಿ ಜೆರಾಕ್ಸಿನ ಜೆರಾಕ್ಸು, ಅಕ್ಷರಕ್ಕಿಂತ ಕಲೆ ಜಾಸ್ತಿ. ಪಕ್ಕದಲ್ಲಿ ನಮ್ಮೂರ ಟಿಬೆಟನ್ ಮಠದ ಒಬ್ಬ ಎಳೇ ಲಾಮಾ. ಅವನ ಹಾಳೆಯಲ್ಲೂ ಜೀವಕೋಶದ ಚಿತ್ರ, ಸುತ್ತ ಟಿಬೆಟನ್ ಅಕ್ಷರ. ನಮ್ಮೂರಿನಲ್ಲೇ ನಡೆಯುವ ಈ ಸಂಗತಿ ನಮಗೇ ಗೊತ್ತಿಲ್ಲ. ದಲೈಲಾಮಾ ಅವರ ಒತ್ತಾಸೆಯಿಂದ ಅಮೆರಿಕದ ಎಮೋರಿ ವಿಶ್ವವಿದ್ಯಾಲಯ ಭಿಕ್ಷುಗಳಿಗಾಗಿ ವಿಜ್ಞಾನದ ಪಾಠ ರೂಪಿಸಿತು. 2014ರಿಂದ ಅದು ನಮ್ಮ ಸೆರಾ ಮಠದಲ್ಲೂ, ಮುಂಡಗೋಡಿನ ಮಠಗಳಲ್ಲೂ ಓದಿನ ಭಾಗವಾಯಿತು. ಭೌತವಿಜ್ಞಾನ, ಜೀವವಿಜ್ಞಾನ, ನರವಿಜ್ಞಾನ. ಪುಸ್ತಕದಲ್ಲಿ ಇಂಗ್ಲಿಷ್, ಟಿಬೆಟನ್ ಎರಡೂ. ಇಲ್ಲದ ಪದಗಳಿಗೆ ಪಂಡಿತರು ಕೂತು ಹೊಸ ಟಿಬೆಟನ್ ಪದ ಕಟ್ಟಿದರು. ಕಟ್ಟಿದ ಪದ ನಮ್ಮಲ್ಲಿ ಬೇಕಾದಷ್ಟಿದೆ, ಹೈಸ್ಕೂಲ್ ಗೇಟಿನಾಚೆ ಬರುವುದಿಲ್ಲ ಅಷ್ಟೇ.

ಲಾಮಾ ಹಾಳೆಯ ಮೇಲಿನ ಬ್ಯಾಕ್ಟೀರಿಯಾ ತೋರಿಸಿ, ಸಂತೆಯಲ್ಲಿ ಕಲಿತ ಕನ್ನಡದಲ್ಲಿ ಕೇಳಿದ: "ಅಕ್ಕಾ, ಇದಕ್ಕೆ ಮನಸ್ಸು ಇದೆಯಾ?" ಅವರ ಮಠಕ್ಕೆ ಇದು ಸಣ್ಣ ಪ್ರಶ್ನೆಯಲ್ಲ. ನೋವು, ಸುಖ ಅರಿಯುವ ಜೀವಿ ಯಾವುದು ಎಂಬುದರ ಮೇಲೆ ಅವರ ಧರ್ಮವೇ ನಿಂತಿದೆ. ಚಪ್ಪಾಳೆ ತಟ್ಟಿ, ಕಾಲು ಅಪ್ಪಳಿಸಿ ವಾದ ಮಾಡುತ್ತಾರೆ. ಇವಳು ಪೆಚ್ಚಾಗಿ ನಕ್ಕಳು. ಎರಡು ವರ್ಷದಲ್ಲಿ ಯಾರೂ ಅವಳನ್ನು ಪ್ರಶ್ನೆಬ್ಯಾಂಕಿನ ಹೊರಗಿನಿಂದ ಏನೂ ಕೇಳಿರಲಿಲ್ಲ.

ಕೊಲ್ಲುವ ವಿಷಯಕ್ಕೆ ಬಂದರೆ, ಯುಜಿಸಿಯೂ ಲಾಮಾಗಳೂ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಂತಿದ್ದಾರೆ. 2014ರಲ್ಲಿ ಯುಜಿಸಿ ಪದವಿಯ ಲ್ಯಾಬುಗಳಲ್ಲಿ ಪ್ರಾಣಿ ಕೊಯ್ಯುವುದನ್ನು ನಿಲ್ಲಿಸಿತು. ಕಪ್ಪೆ ಬದುಕಿತು, ಸಂತೋಷ. ಆದರೆ ಕಪ್ಪೆ ಹೋದ ಜಾಗಕ್ಕೆ ಬಂದದ್ದೇನು? ಗೋಡೆಗೊಂದು ಚಾರ್ಟು, ಬಣ್ಣ ಮಾಸಿದ ಮಾಡೆಲ್ಲು, ಫಾರ್ಮಲಿನ್ ಬಾಟಲಿಯಲ್ಲಿ ಬೆಳ್ಳಗಾದ ಹಾವು.

ಜೀವಂತ ಪ್ರಾಣಿ ಇಟ್ಟುಕೊಂಡೇ ಜಗತ್ತಿಗೆ ಹೆಸರಾದ ಜಾಗ ನಮ್ಮ ಜಿಲ್ಲೆಯಲ್ಲೇ ಇದೆ. ಮೈಸೂರಿನ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡ್ರೊಸೊಫಿಲಾ ಸ್ಟಾಕ್ ಸೆಂಟರ್ ಇದೆ. ಬಾಳೆಹಣ್ಣಿನ ಮೇಲೆ ಮುತ್ತುವ ಆ ಚಿಕ್ಕ ನೊಣಗಳ ತಳಿಗಳನ್ನು ಬಾಟಲಿಗಳಲ್ಲಿ ಸಾಕುತ್ತಾರೆ. ಡ್ರೊಸೊಫಿಲಾ ಮೈಸೂರೆನ್ಸಿಸ್ ಎಂದು ಮೈಸೂರಿನ ಹೆಸರಿನ ನೊಣವೇ ಇದೆ. ಮುಂದೆ ನ್ಯಾಕ್ ನಿರ್ದೇಶಕರಾದ ಎಚ್.ಎ. ರಂಗನಾಥ್ ಮತ್ತು ಎನ್.ಬಿ. ರಾಮಚಂದ್ರ ಅಲ್ಲಿ 8 ಕ್ರೋಮೊಸೋಮಿನ ನೊಣಕ್ಕೂ 6 ಕ್ರೋಮೊಸೋಮಿನ ಅದರ ಹತ್ತಿರದ ನೆಂಟನಿಗೂ ಸಂಕರ ಮಾಡಿಸಿ, ಎರಡರಂತೆಯೂ ಅಲ್ಲದ ಹೊಸ ಪೀಳಿಗೆಗಳನ್ನು ಬೆಳೆಸಿದರು. ಹೊಸ ಜಾತಿ ಹುಟ್ಟುವ ದಾರಿಯನ್ನು ಬಾಟಲಿಯೊಳಗೇ ನೋಡಿದ ಹಾಗೆ.

ಆ ನೊಣ ಹಿಡಿಯಲು ಬೇಕಾದ್ದು ಆನರ್ಸ್ ಅಲ್ಲ. ಒಂದು ಬಾಟಲಿ, ಹಿಸುಕಿದ ಕಳಿತ ಬಾಳೆಹಣ್ಣು, ಚಿಟಿಕೆ ಈಸ್ಟ್. ಸಂಜೆ ಪೊದೆಗೆ ಕಟ್ಟಿ, ಬೆಳಿಗ್ಗೆ ಹತ್ತಿಯಿಂದ ಬಾಯಿ ಮುಚ್ಚಿದರೆ ಆಯಿತು. ಚಿಕ್ಕವಳಿಗೆ ಹೇಳಿದೆ. ಮುಸುಕಿನ ಜೋಳದ ಹೊಲದ ಬದುವಿನಲ್ಲಿ ಎರಡು, ಹೊಗೆಸೊಪ್ಪಿನ ಬ್ಯಾರನ್ ಹಿಂದೆ ಎರಡು ಬಾಟಲಿ ಕಟ್ಟಿದಳು. ಎಣಿಸುವುದಕ್ಕೆ ನೊಣ ಅಲುಗಾಡಬಾರದು. ಈಥರ್ ಹಾಕಿದರೆ ಕೆಲವು ಸಾಯುತ್ತವೆ. ಲಾಮಾ ಮುಖ ನೆನಪಾಯಿತೋ ಏನೋ, ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟಳು. ತಣ್ಣಗಾದರೆ ಮಂಕಾಗಿ ಬೀಳುತ್ತವೆ, ಬೆಚ್ಚಗಾದರೆ ಎದ್ದು ಹಾರುತ್ತವೆ.

ಹೆಪ್ಪು ಹಾಕಿದ ಮೊಸರಿನ ಪಕ್ಕ ನೊಣದ ಬಾಟಲಿ ಕಂಡು ಅಕ್ಕ ರಂಪ ಮಾಡಿದಳು. "ಇದಕ್ಕೆ ಎಷ್ಟ್ ಮಾರ್ಕ್ಸ್ ಕೊಡ್ತಾರೆ?" ಒಂದೂ ಇಲ್ಲ ಎಂದೆ.

ಅಷ್ಟರಲ್ಲಿ ಚಿಕ್ಕವಳು ಬಿಳಿ ಹಾಳೆಯ ಮೇಲೆ ನೊಣ ಸುರಿದು, ಭೂತಗನ್ನಡಿ ಹಿಡಿದು ಕೂತಿದ್ದಳು. ಮಾಮೂಲಿ ಜಾತಿಯಲ್ಲಿ ಹೊಟ್ಟೆಯ ತುದಿ ಕಪ್ಪಗಿದ್ದರೆ ಗಂಡು ಎಂದು ಹೇಳಿಕೊಟ್ಟಿದ್ದೆ. "ಮಾವ, ಹೊಲದ್ದರಲ್ಲಿ ಹದಿನಾಲ್ಕು ಗಂಡು, ಒಂಬತ್ತು ಹೆಣ್ಣು. ಬ್ಯಾರನ್ ಹಿಂದಿನದರಲ್ಲಿ ಮೂರು ಬೇರೆ ಥರ ಇವೆ, ಕಣ್ಣು ಗಾಢ, ಮೈ ಹಳದಿ. ಇವು ಯಾವುವು?"

ನನಗೇನು ಗೊತ್ತು? ಅಷ್ಟರಲ್ಲಿ ಮೂರರಲ್ಲಿ ಒಂದು ರೆಕ್ಕೆ ಕೊಡವಿಕೊಂಡು ಎದ್ದು, ನೇರ ಅಕ್ಕನ ಬಾಳೆಹಣ್ಣಿನ ಚಿಪ್ಪಿನ ಕಡೆ ಹೋಯಿತು.