ಬರ ಒಂದು ಫೈಲು, ನೆರೆ ಇನ್ನೊಂದು ಫೈಲು

ಹಾಸ್ಟೆಲಿನ ಗೆಳೆಯರೇ,

ಪತ್ರಿಕೆಯ ಮೂಲೆಯಲ್ಲಿ ಅಣೆಕಟ್ಟುಗಳ ನೀರಿನ ಮಟ್ಟ ಬರುತ್ತಲ್ಲ, ನೋಡಿರುತ್ತೀರಿ. ಕೆ.ಆರ್.ಎಸ್. ಒಂದು ಸಾಲು, ಕಬಿನಿ ಇನ್ನೊಂದು ಸಾಲು. ಓದುವವನಿಗೆ ಎರಡು ಹೊಳೆ. ತಿರುಮಕೂಡಲಿನಲ್ಲಿ ಅವು ಕೂಡಿದ ಮೇಲೆ, ಕೆಳಗಿರುವ ಕೊಳ್ಳೇಗಾಲದ ದಾಸನಪುರದವರಿಗೆ ಒಂದೇ ಹೊಳೆ. ಕೊಡಗಿನ ಮಳೆ, ವಯನಾಡಿನ ಮಳೆ ಎರಡೂ ಅವರ ಬಾಗಿಲಿಗೇ ಬರಬೇಕು. 2018ರಲ್ಲಿ ಬಂತು, 2019ರಲ್ಲಿ ಬಂತು, 2024ರಲ್ಲಿ ಮತ್ತೆ ಬಂತು.

ನಮ್ಮ ಆಡಳಿತಕ್ಕೆ ಕೂಡೋ ಲೆಕ್ಕ ಬರಲ್ಲ. ನನ್ನ ಜಗಳ ಇಷ್ಟೇ. ಬರಕ್ಕೆ ಒಂದು ಫೈಲು, ನೆರೆಗೆ ಒಂದು, ಭೂಕುಸಿತಕ್ಕೆ ಒಂದು, ವಾಂತಿಭೇದಿಗೆ ಬೇರೆ ಇಲಾಖೆ. 2015ರಲ್ಲಿ ಜಪಾನಿನ ಸೆಂಡಾಯ್ ನಗರದಲ್ಲಿ ಲೋಕದ ಸರ್ಕಾರಗಳು ಕೂತು, ಅಪಾಯಗಳನ್ನು ಬಿಡಿಬಿಡಿಯಾಗಿ ಅಲ್ಲ, ಒಟ್ಟಿಗೆ ಅಳೆಯಬೇಕು ಅಂತ ಒಪ್ಪಿದವು. ಭಾರತವೂ ಒಪ್ಪಿತು. ಆ ಒಪ್ಪಿಗೆ ಇನ್ನೂ ನಮ್ಮ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿಲ್ಲ.

ಒಂದೇ ವರ್ಷದ ಕತೆ ನೋಡಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಅಂತ ಸರ್ಕಾರವೇ ಸಾರಿತು. ಬರದಲ್ಲಿ ಕೂಲಿ ಇಲ್ಲ. ಕೂಲಿ ಇಲ್ಲದವರು ಹೆಂಚು ಸರಿಮಾಡಿಸಲ್ಲ, ಗೋಡೆಗೆ ಮಣ್ಣು ಮೆತ್ತಿಸಲ್ಲ. ಒಣಗಿದ ಮಣ್ಣಿನ ಗೋಡೆ ಬಿರುಕು ಬಿಡುತ್ತೆ. 2024ರ ಮೇ ತಿಂಗಳಲ್ಲಿ ಮೈಸೂರಿನ ಮಗ್ಗುಲಿನ ಕೆ. ಸಾಲುಂಡಿಯಲ್ಲಿ ಕೊಳಕು ಬೆರೆತ ನೀರು ಕುಡಿದು ಜನ ಆಸ್ಪತ್ರೆ ಸೇರಿದರು, ಒಬ್ಬ ಯುವಕ ಸತ್ತ. ಜುಲೈಗೆ ಹೊಳೆ ಬಂತು. ಬಿರುಕಿಗೆ ಮಳೆ ಇಳಿದು ಗೋಡೆ ಬಿದ್ದರೆ ಆ ಗೋಡೆ ಕೆಡವಿದ್ದು ಮಳೆಯೋ, ಬರವೋ? ಮಹಜರಿಗೆ ಬಂದವರು ‘ಗೋಡೆ ಮೊದಲೇ ಶಿಥಿಲವಾಗಿತ್ತು’ ಅಂತ ಬರೆದುಕೊಂಡು ಹೋಗ್ತಾರೆ. ಶಿಥಿಲ ಮಾಡಿದ್ದು ಯಾವುದು ಸ್ವಾಮಿ?

ಒಂದು ಆಪತ್ತಿನ ಭಯ ಇನ್ನೊಂದನ್ನು ದೊಡ್ಡದು ಮಾಡೋದೂ ಉಂಟು. ಬರದ ಹೆದರಿಕೆಗೆ ಅಣೆಕಟ್ಟು ಬೇಗ ತುಂಬಿಸಿ ಬಾಗಿನ ಬಿಡ್ತೀವಿ. ಕಬಿನಿಗೆ ಹಿಡಿಯೋದೇ 19.52 ಟಿ.ಎಂ.ಸಿ., ಕೆ.ಆರ್.ಎಸ್.ಗೆ 49.45. ತುಂಬಿದ ಮೇಲೆ ಬಂದ ಮಳೆಗೆ ಜಾಗ ಎಲ್ಲಿ? 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಜಾರಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅದು ಪಡುವಲಿಗೆ ಹರಿಯೋ ಚಾಲಿಯಾರ್ ಕಡೆ. ಅದೇ ಮಳೆಯ ಇನ್ನೊಂದು ಪಾಲು ಮೂಡಲಿಗೆ ಕಬಿನಿಗೆ ಇಳಿದು ನಂಜನಗೂಡಿನ ತಗ್ಗಿಗೆ ನುಗ್ಗಿತು.

‘ನೀರಿಗೆ ಜಾತಿ ಇಲ್ಲಪ್ಪ’ ಅಂತ ಕ್ಲಾಸಿನಲ್ಲಿ ಹೇಳೋರು ಇದ್ದಾರೆ. ನೀರಿಗಿಲ್ಲ, ನಿಜ. ಊರಿನ ಎತ್ತರದ ನೆಲ ಯಾರದು, ಕೆರೆ ಕೋಡಿಯ ಮಗ್ಗುಲಿನ ತಗ್ಗು ಯಾರಿಗೆ ಬಿಟ್ಟದ್ದು, ಅದನ್ನು ಹೇಳಲಿ. 2004ರ ಸುನಾಮಿಯಲ್ಲಿ ತಮಿಳುನಾಡಿನ ನಾಗಪಟ್ಟಣದ ಕಡೆ ದಲಿತರನ್ನು ಪರಿಹಾರ ಶಿಬಿರದಿಂದಲೇ ಹೊರಗಿಟ್ಟರು. ಅಲೆ ಹಿಂದೆ ಸರಿದ ಮೇಲೆ ಶುರುವಾದ ಆಪತ್ತು ಅದು. ಬೆಳೆ ಪರಿಹಾರ ಪಹಣಿ ಇದ್ದವರಿಗೆ, ಅದೂ ಹಾನಿ ಶೇಕಡ 33 ಮುಟ್ಟಿದರೆ. ಅದೇ ಗದ್ದೆಯಲ್ಲಿ ನಾಟಿ ಹಾಕುವವಳ ಕೂಲಿ ಬರದಲ್ಲೂ ಹೋಯ್ತು, ನೆರೆಯಲ್ಲೂ ಹೋಯ್ತು. ಆ ಲೆಕ್ಕದಲ್ಲಿ ಅವಳು ಇಲ್ಲವೇ ಇಲ್ಲ. 2021ರ ಅಕ್ಟೋಬರಿನಲ್ಲಿ ಚಾಮುಂಡಿ ಬೆಟ್ಟದ ನಂದಿ ರಸ್ತೆ ಕುಸಿದಾಗ ಇಡೀ ಮೈಸೂರು ಮಾತಾಡಿತು. ಆ ಮಳೆಗೆ ಕೇರಿಗಳಲ್ಲಿ ಬಿದ್ದ ಗೋಡೆ ಎಷ್ಟು ಅಂತ ಯಾರು ಕೇಳಿದರು?

ಈ ರಜಕ್ಕೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಅವ್ವನನ್ನೋ ಅಜ್ಜಿಯನ್ನೋ ಕರ್ಕೊಂಡು ಕೇರಿ ಸುತ್ತಿ. ಹೊಳೆ ಯಾವ ಮನೆ ತನಕ ಬಂದಿತ್ತು, ಬರದಲ್ಲಿ ಯಾವ ಬೋರು ಮೊದಲು ನಿಲ್ಲುತ್ತೆ, ಚರಂಡಿ ಎಲ್ಲಿ ನಲ್ಲಿ ಪೈಪು ದಾಟುತ್ತೆ, ಯಾವ ಗೋಡೆ ಬಿರುಕು ಬಿಟ್ಟಿದೆ, ರಾತ್ರಿ ಓಡಬೇಕಾದರೆ ಬೀಗ ಹಾಕದ ಎತ್ತರದ ಕಟ್ಟಡ ಯಾವುದು, ಎಲ್ಲ ಕೇಳಿ. ಬೇರೆ ಬೇರೆ ಹಾಳೆ ಬೇಡ, ಒಂದೇ ಹಾಳೆಯಲ್ಲಿ ಗುರುತು ಹಾಕಿ. ಮೂರ್ನಾಲ್ಕು ಗುರುತು ಒಂದರ ಮೇಲೊಂದು ಬಿದ್ದ ಮನೆಗಳ ಪಟ್ಟಿ ಮಾಡಿ. ಗ್ರಾಮಸಭೆಯಲ್ಲಿ ಓದಿ, ನಡಾವಳಿಗೆ ಸೇರಿಸಿ ಅನ್ನಿ. ಪಿಡಿಒ ಮೊಹರು ಹಾಕಿ ಸ್ವೀಕೃತಿ ಕೊಡೋ ತನಕ ಜಾಗ ಬಿಟ್ಟು ಏಳಬೇಡಿ.