ಮೊಬೈಲಿನೊಳಗಿನ ಸಂದೇಶಗಳನ್ನು ಪ್ರತಿಮಾಡಿ ಇಡತಕ್ಕ ವಿಚಾರ

ಮನೆಯ ಕಾಗದಪತ್ರಗಳನ್ನು ಜೋಪಾನಮಾಡುವ ಕೆಲಸವು ನಮ್ಮ ನಾಡಿನಲ್ಲಿ ಬಹುಕಾಲದಿಂದಲೂ ಗೃಹಿಣಿಯ ಪಾಲಿಗೆ ಬಂದದ್ದಾಗಿದೆ. ಕಂದಾಯದ ರಸೀತಿ, ಸಾಲದ ಕರಾರು, ತವರಿನಿಂದ ಬಂದ ಓಲೆ, ಮಕ್ಕಳ ಪರೀಕ್ಷೆಯ ಅಂಕಪಟ್ಟಿ ಇವೆಲ್ಲವೂ ಒಂದು ತಗಡಿನ ಪೆಟ್ಟಿಗೆಯಲ್ಲಿ, ಸೀರೆಗಳ ಅಡಿಯಲ್ಲಿ, ನುಸಿಗುಳಿಗೆಯ ವಾಸನೆಯೊಡನೆ ಇರುತ್ತಿದ್ದುವು. ಬೀಗದ ಕೈ ತಾಯಿಯ ಸೆರಗಿನ ತುದಿಯಲ್ಲಿರುತ್ತಿತ್ತು. ಈಗ ಆ ಕಾಗದಗಳಲ್ಲಿ ಹೆಚ್ಚಿನವು ಅಂಗೈಯಗಲದ ಸ್ಮಾರ್ಟ್‌ಫೋನಿನೊಳಗೆ ಸಂದೇಶಗಳ ರೂಪದಲ್ಲಿ ಸೇರಿಕೊಂಡಿವೆ. ಅವುಗಳಿಗೆ ಇನ್ನೊಂದು ಪ್ರತಿಯುಂಟೇ ಎಂದು ಕೇಳಿದರೆ ವಿದ್ಯಾವಂತರಾದ ನಮ್ಮ ಸಹೋದರಿಯರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುವರು. ಈ ಕೆಲಸವನ್ನು ಮಗನಿಗಾಗಲಿ, ಅಳಿಯನಿಗಾಗಲಿ, ದುರಸ್ತಿ ಅಂಗಡಿಯ ಹುಡುಗನಿಗಾಗಲಿ ಒಪ್ಪಿಸದೆ, ಪ್ರತಿಯೊಬ್ಬ ಸ್ತ್ರೀಯೂ ತಾನೇ ಕಲಿತು ತನ್ನ ಕೈಯಿಂದಲೇ ಮಾಡತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ.

ಸಂದೇಶವೆಂಬುದು ಹುಟ್ಟಿ ಹೆಚ್ಚು ಕಾಲವಾಗಿಲ್ಲ. 1992ನೆಯ ಇಸವಿ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ತರುಣ ಎಂಜಿನಿಯರನು ಗಣಕಯಂತ್ರವೊಂದರಿಂದ ಮೊಬೈಲ್ ಫೋನಿಗೆ ಕ್ರಿಸ್ಮಸ್ ಶುಭಾಶಯವನ್ನು ಕಳುಹಿಸಿದನು. ಅದೇ ಮೊದಲನೆಯ ಎಸ್‌ಎಂಎಸ್. ಇಪ್ಪತ್ತೊಂದು ವರ್ಷ ತುಂಬುವುದರೊಳಗೆ, 2013ರ ಜುಲೈ ತಿಂಗಳಲ್ಲಿ, ನಮ್ಮ ದೇಶದ ಬಿಎಸ್‌ಎನ್‌ಎಲ್ ಸಂಸ್ಥೆಯು ತನ್ನ ಟೆಲಿಗ್ರಾಂ ಸೇವೆಯನ್ನು ಮುಚ್ಚಿತು. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರಗಳ ಸ್ಥಳವುಂಟು. ಕನ್ನಡಕ್ಕಾದರೋ 70 ಮಾತ್ರ. ಅದರಲ್ಲಿಯೂ ನಾವು ಒಂದೇ ಅಕ್ಷರವೆಂದು ಬರೆಯುವ ‘ಸ್ತ್ರೀ’ ಎಂಬುದು ಯಂತ್ರದ ಲೆಕ್ಕದಲ್ಲಿ ಆರು ಸ್ಥಾನಗಳನ್ನು ನುಂಗುವುದು. ಸ್ತ್ರೀಯರಿಗೆ ಎಲ್ಲಿಯೂ ಸ್ಥಳ ಸಾಲದೆಂದು ನನ್ನ ಗೆಳತಿಯೊಬ್ಬಳು ಇದನ್ನು ಕೇಳಿ ನಕ್ಕಳು. ಆ ಇಕ್ಕಟ್ಟಿನಲ್ಲಿಯೇ ಒಂದು ಕುಟುಂಬದ ಅರ್ಧ ಚರಿತ್ರೆಯು ಬರೆಯಲ್ಪಡುತ್ತಿರುವುದು ಈ ಕಾಲದ ವಿಶೇಷ.

ನಾನಿರುವ ಮಧುರೆಯು ದೊಡ್ಡಬಳ್ಳಾಪುರ ತಾಲ್ಲೂಕಿಗೆ ಸೇರಿದ ಹೋಬಳಿಯ ಊರು. ಸುತ್ತಲಿನ ಹಳ್ಳಿಗಳಲ್ಲಿ ರಾಗಿ, ಹೂವು, ತರಕಾರಿ, ಹಾಲು ಇವುಗಳಿಂದ ಜೀವನ ನಡೆಯುವುದು. ಹೆಣ್ಣುಮಕ್ಕಳು ಕೆಲವರು ಬೆಳಗಾಗುತ್ತಲೇ ದೊಡ್ಡಬಳ್ಳಾಪುರದ ಉಡುಪಿನ ಕಾರ್ಖಾನೆಗಳಿಗೆ ಹೊರಡುವರು. ಇವರಲ್ಲಿ ಅನೇಕರಿಗೆ ಫೋನೇ ಲೆಕ್ಕದ ಪುಸ್ತಕ. ಸಂಬಳ ಬಂದಿತೆಂಬುದು ಸಂದೇಶದಿಂದ ತಿಳಿಯುವುದು. ಹಾಲಿನ ಹಣ ಜಮೆಯಾದದ್ದು ಸಂದೇಶದಿಂದ ತಿಳಿಯುವುದು. 2023ರ ಆಗಸ್ಟ್ ತಿಂಗಳಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ 2000 ರೂಪಾಯಿ ಈ ತಿಂಗಳು ಬಂದಿತೇ ಇಲ್ಲವೇ ಎಂಬುದನ್ನೂ ಯಜಮಾನಿಯು ಸಂದೇಶವನ್ನು ನೋಡಿಯೇ ತಿಳಿಯುವಳು. ಬ್ಯಾಂಕಿನ ಲೆಕ್ಕವು ಬ್ಯಾಂಕಿನಲ್ಲಿದ್ದೇ ಇರುವುದು, ಕೇಳಿದರೆ ಕೊಡುವರು, ಎಂದು ಯಾರಾದರೂ ಹೇಳಬಹುದು. ಅದು ನಿಜ. ಆದರೆ ಮನುಷ್ಯರು ಮನುಷ್ಯರಿಗೆ ಬರೆದುಕೊಂಡ ಮಾತಿನ ಪ್ರತಿಯನ್ನು ಯಾವ ಕಚೇರಿಯೂ ಇಟ್ಟುಕೊಂಡಿರುವುದಿಲ್ಲ. ಫೋನಿನ ಕಂಪನಿಯ ಯಂತ್ರವು ಸಂದೇಶವನ್ನು ಮುಟ್ಟಿಸುವವರೆಗೆ ಇಟ್ಟುಕೊಂಡು, ಮುಟ್ಟಿಸಿದ ಮೇಲೆ ಅಂಚೆಯವನಂತೆ ಕೈತೊಳೆದುಕೊಳ್ಳುವುದು. ಅಲ್ಲಿಂದ ಮುಂದೆ ಅದನ್ನು ಕಾಪಾಡುವ ಭಾರವು ನಮ್ಮದೇ.

ನಮ್ಮ ಹೋಬಳಿಯ ಒಬ್ಬ ತಾಯಿಗೆ ಸಂಭವಿಸಿದ್ದನ್ನು, ಆಕೆಯ ಒಪ್ಪಿಗೆಯಿಂದ, ಹೆಸರನ್ನು ಬಿಟ್ಟು ಹೇಳುವೆನು. ಆಕೆಯ ಗಂಡನು ಬೆಂಗಳೂರಿನಲ್ಲಿ ವಾಹನ ನಡೆಸುತ್ತಿದ್ದು ಅಕಾಲದಲ್ಲಿ ತೀರಿಕೊಂಡನು. ಬಸ್ಸು ಸಿಕ್ಕಿತು, ಎಂಟಕ್ಕೆ ಬರುವೆ. ಮಗುವಿಗೆ ಔಷಧಿ ಕೊಟ್ಟೆಯಾ. ಎಂಬಂಥ ಅವನ ಪುಟ್ಟ ಪುಟ್ಟ ಸಂದೇಶಗಳು ಆಕೆಯ ಫೋನಿನಲ್ಲಿದ್ದುವು. ತೋಟವನ್ನು ಗುತ್ತಿಗೆಗೆ ಹಿಡಿದವನು ಇಷ್ಟು ಹಣ ಬಾಕಿಯುಂಟೆಂದು ಒಪ್ಪಿಕೊಂಡಿದ್ದ ಎರಡು ಸಾಲೂ ಅದರಲ್ಲಿಯೇ ಇತ್ತು. ಒಂದು ದಿನ ಫೋನು ಸ್ತಬ್ಧವಾಯಿತು. ದುರಸ್ತಿ ಅಂಗಡಿಗೆ ಕೊಂಡುಹೋದಳು. ಅಲ್ಲಿಯ ಹುಡುಗನು ಧರ್ಮವಾಗಿಯೇ, ಡೇಟಾ ಹೋಗುತ್ತದಮ್ಮಾ, ಪರವಾಗಿಲ್ಲವೇ, ಎಂದು ಕೇಳಿದನು. ಡೇಟಾ ಎಂದರೆ ಆಕೆಯ ತಿಳಿವಳಿಕೆಯಲ್ಲಿ ತಿಂಗಳಿಗೊಮ್ಮೆ ಹಣಕೊಟ್ಟು ತುಂಬಿಸುವ ಇಂಟರ್ನೆಟ್ಟು. ಹೋದರೆ ಮತ್ತೆ ತುಂಬಿಸಿದರಾಯಿತೆಂದು ತಲೆಯಾಡಿಸಿದಳು. ಅರ್ಧ ಗಂಟೆಯಲ್ಲಿ ಫೋನು ಹೊಸದರಂತೆ ಬೆಳಗಿತು. ಒಳಗೆ ಏನೂ ಇರಲಿಲ್ಲ. ಗುತ್ತಿಗೆದಾರನು ಆ ಮೇಲೆ ತಾನು ಹಾಗೆ ಬರೆದೇ ಇಲ್ಲವೆಂದನು. ಆ ಹಣದ ಮಾತನ್ನು ಆಕೆ ಈಗ ಆಡುವುದಿಲ್ಲ. ಎಂಟಕ್ಕೆ ಬರುವೆನೆಂಬ ಆ ಸಂದೇಶದ ಮಾತನ್ನು ಮಾತ್ರ ಆಡುವಳು.

ಹುಡುಗನ ತಪ್ಪೆಂದು ನಾನು ಹೇಳಲಾರೆನು. ಒಂದು ಶಬ್ದಕ್ಕೆ ಎರಡು ಅರ್ಥವಿರುವುದನ್ನು ಆಕೆಗೆ ಯಾರೂ ತಿಳಿಸಿಕೊಡಲಿಲ್ಲ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳಿದ್ದಳು.

ಇಂಥ ಭ್ರಾಂತಿಗಳು ಇನ್ನೂ ಕೆಲವು ಉಂಟು. ಸಿಮ್ ಚೀಟಿಯನ್ನು ತೆಗೆದು ಹೊಸ ಫೋನಿಗೆ ಹಾಕಿದರೆ ಸಂದೇಶಗಳೂ ಅದರೊಡನೆ ಬರುವುವೆಂದು ಬಹುಮಂದಿ ನಂಬಿರುವರು. ಹಳೆಯ ಗುಂಡಿಯ ಫೋನುಗಳಲ್ಲಿ ಅಷ್ಟಿಷ್ಟು ಸಂದೇಶಗಳು ಸಿಮ್ಮಿನಲ್ಲಿ ಉಳಿಯುತ್ತಿದ್ದುದುಂಟು; ಈಗಿನ ಸ್ಮಾರ್ಟ್‌ಫೋನುಗಳಲ್ಲಿ ಅವು ಫೋನಿನ ಒಳಸ್ಮರಣೆಯಲ್ಲಿಯೇ ಒಂದು ಕಡತವಾಗಿ ಇರುವುವು. ಮೆಮೊರಿ ಕಾರ್ಡಿನಲ್ಲಿ ಚಿತ್ರಗಳಿರಬಹುದು, ಸಂದೇಶಗಳಲ್ಲ. ವಾಟ್ಸಾಪಿನದು ಬೇರೆಯೇ ಮನೆ, ಬೇರೆಯೇ ಬೀಗ. ಎಸ್‌ಎಂಎಸ್‌ಗಳನ್ನು ಪ್ರತಿಮಾಡಿದ ಮಾತ್ರಕ್ಕೆ ವಾಟ್ಸಾಪಿನ ಮಾತುಗಳು ಅದರಲ್ಲಿ ಸೇರುವುದಿಲ್ಲ. ಅದು ರಾತ್ರಿಯ ಹೊತ್ತು ತನ್ನಷ್ಟಕ್ಕೆ ತಾನೇ ಮಾಡಿಕೊಳ್ಳುವ ಒಂದು ಪ್ರತಿಯು ಫೋನಿನೊಳಗೇ ಇರುವುದಾದ್ದರಿಂದ ಫೋನು ನೀರಿಗೆ ಬಿದ್ದರೆ ಮೂಲವೂ ಪ್ರತಿಯೂ ಒಟ್ಟಿಗೆ ಮುಳುಗುವುವು.

ಎಲ್ಲವೂ ತಾನಾಗಿಯೇ ಗೂಗಲ್ಲಿನಲ್ಲಿ ಉಳಿಯುವುದೆಂದು ನಮ್ಮ ತರುಣಿಯರು ಉದಾಸೀನದಿಂದ ಹೇಳುವುದುಂಟು. ಆಂಡ್ರಾಯ್ಡ್ ಫೋನಿನಲ್ಲಿ ಆ ಏರ್ಪಾಡು ಇರುವುದು ಸತ್ಯ. ಚಾಲೂ ಮಾಡಿದ್ದರೆ ಎಸ್‌ಎಂಎಸ್‌ಗಳ ಪ್ರತಿಯು ನಮ್ಮ ಖಾತೆಗೆ ಹೋಗಿ ಸೇರುವುದು. ಆದರೆ ಫೋನನ್ನು 57 ದಿವಸ ಬಳಸದೆ ಬಿಟ್ಟರೆ ಆ ಪ್ರತಿಯನ್ನು ಅಳಿಸಿಬಿಡಬಹುದೆಂದು ಗೂಗಲ್ ಸಂಸ್ಥೆಯೇ ತಿಳಿಸಿರುವುದನ್ನು ಎಷ್ಟು ಮಂದಿ ಓದಿರುವರು? ಯಜಮಾನರು ತೀರಿಕೊಂಡ ಮೇಲೆ ಅವರ ಫೋನನ್ನು ಬೀರುವಿನಲ್ಲಿಟ್ಟು ಎರಡು ತಿಂಗಳು ಮುಟ್ಟದಿರುವುದು ನಮ್ಮ ಮನೆಗಳಲ್ಲಿ ಸಹಜವಲ್ಲವೇ? ಎರಡು ವರ್ಷ ಬಳಸದ ಖಾತೆಯನ್ನೇ ತೆಗೆದುಹಾಕಬಹುದೆಂಬ ನಿಯಮವೂ 2023ರಿಂದ ಬಂದಿದೆ. ಐಫೋನಿನಲ್ಲಿ ಇನ್ನೊಂದು ತೊಡಕು. ಸಂದೇಶಗಳನ್ನು ಐಕ್ಲೌಡಿನೊಡನೆ ಜೋಡಿಸಿದರೆ ಎಲ್ಲ ಉಪಕರಣಗಳಲ್ಲಿಯೂ ಒಂದೇ ಪಟ್ಟಿಯು ಕಾಣುವುದು. ಒಂದರಲ್ಲಿ ಅಳಿಸಿದರೆ ಎಲ್ಲದರಲ್ಲಿಯೂ ಅಳಿಯುವುದು. ಅದು ಕನ್ನಡಿಯೇ ಹೊರತು ಪ್ರತಿಯಲ್ಲ.

ಇವೆಲ್ಲಕ್ಕಿಂತಲೂ ನನ್ನನ್ನು ಹೆಚ್ಚಾಗಿ ಬಾಧಿಸುವ ಸಂಗತಿಯೊಂದುಂಟು. ನಮ್ಮ ಕಡೆಯ ಎಷ್ಟೋ ಹೆಂಗಸರ ಫೋನಿನಲ್ಲಿರುವ ಖಾತೆಯನ್ನು ಕೊಂಡ ದಿವಸ ಅಂಗಡಿಯಲ್ಲಿಯೇ ಯಾರೋ ಒಬ್ಬರು ತೆರೆದುಕೊಟ್ಟಿರುವರು. ಖಾತೆಯ ಹೆಸರೇನು, ಗುಪ್ತಪದವೇನು ಎಂಬುದು ಆಕೆಗೆ ತಿಳಿಯದು. ತೆರೆದುಕೊಟ್ಟವನಿಗೂ ಈಗ ನೆನಪಿರದು. ಪ್ರತಿಯು ಎಲ್ಲೋ ದೂರದ ಯಂತ್ರದಲ್ಲಿ ಭದ್ರವಾಗಿಯೇ ಇರಬಹುದು, ತೆಗೆಯುವವರಿಲ್ಲ. ಪೆಟ್ಟಿಗೆಯಲ್ಲಿ ಚಿನ್ನವಿಟ್ಟು ಬೀಗದ ಕೈಯನ್ನು ಸಂತೆಯಲ್ಲಿ ಬಿಟ್ಟುಬಂದಂತಾಯಿತು. ಆದುದರಿಂದ ಇದನ್ನು ಓದುವ ಹಳೆಯ ವಿದ್ಯಾರ್ಥಿನಿಯರು ಮೊದಲು ಮಾಡತಕ್ಕದ್ದು ಇಷ್ಟೇ: ತಮ್ಮ ತಾಯಿಯ ಫೋನಿನಲ್ಲಿ ಯಾವ ಖಾತೆಯಿದೆಯೆಂದು ನೋಡಿ, ಗುಪ್ತಪದವನ್ನು ತಾಯಿಯಿಂದಲೇ ಹೊಸದಾಗಿ ಇಡಿಸಿ, ಅದನ್ನು ಒಂದು ಪುಸ್ತಕದಲ್ಲಿ ಆಕೆಯ ಕೈಬರಹದಲ್ಲಿಯೇ ಬರೆಯಿಸಿ, ಆ ಪುಸ್ತಕವನ್ನು ಫೋನಿನಿಂದ ದೂರವಿಡಿಸುವುದು.

ಪ್ರತಿಯೆಂಬುದರ ಬೆಲೆಯನ್ನು ತಿಳಿಯಲು ನಮ್ಮ ತಾಲ್ಲೂಕನ್ನು ಬಿಟ್ಟು ಹೋಗಬೇಕಾಗಿಲ್ಲ. ಬೆಂಗಳೂರಿನಲ್ಲಿದ್ದ ಲಂಡನ್ ಮಿಷನ್ನಿನ ಪಾದ್ರಿಯೊಬ್ಬರ ಮಗನಾಗಿ 1837ರಲ್ಲಿ ಹುಟ್ಟಿದ ಬೆಂಜಮಿನ್ ಲೂಯಿಸ್ ರೈಸ್ ಎಂಬವರು ಮೈಸೂರು ಸೀಮೆಯ ಊರೂರಿನ ಶಿಲಾಶಾಸನಗಳನ್ನು ಸಹಾಯಕರೊಡನೆ ಪ್ರತಿಮಾಡಿಸಿದರು. ಬೆಂಗಳೂರು ಜಿಲ್ಲೆಯ ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟವಾಗಿ 1905ರಲ್ಲಿ ಅಚ್ಚಾದುವು, ದೊಡ್ಡಬಳ್ಳಾಪುರ, ನೆಲಮಂಗಲ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಇಂಥವನು ಇಂಥ ಕೆರೆಗೆ ಇಷ್ಟು ಗದ್ದೆ ಬಿಟ್ಟನು, ಇಂಥವನು ತುರುಗಳನ್ನು ಕಾಪಾಡುತ್ತ ಮಡಿದನು ಎಂಬಂಥ ಮಾತುಗಳು. ಒಂದು ಲೆಕ್ಕದಲ್ಲಿ ಅವೂ ಸಂದೇಶಗಳೇ. ಸೂರ್ಯಚಂದ್ರರಿರುವ ತನಕ ಎಂದು ಕೆತ್ತಿದ ಆ ಕಲ್ಲುಗಳಲ್ಲಿ ಎಷ್ಟೋ ಕಲ್ಲುಗಳು ಬೆಂಗಳೂರು ಬೆಳೆದಂತೆಲ್ಲ ಮನೆಗಳ ಪಾಯದಲ್ಲಿಯೂ ರಸ್ತೆಯ ಅಡಿಯಲ್ಲಿಯೂ ಕಾಣದಾದುವು. ಕಲ್ಲು ಹೋಯಿತು, ಕಾಗದದ ಮೇಲಣ ಪ್ರತಿ ಉಳಿಯಿತು. ಕಲ್ಲಿನ ಗತಿಯೇ ಹೀಗಾದ ಮೇಲೆ ಗಾಜಿನ ಹಲಗೆಯ ಮೇಲೆ ಹೊಳೆಯುವ ಅಕ್ಷರವನ್ನು ನಂಬಿ ಕೂರುವುದು ಸರಿಯೇ?

ಕೆಲಸವು ಕಠಿನವಾದದ್ದಲ್ಲ. ಆಂಡ್ರಾಯ್ಡಿನಲ್ಲಿ ‘ಎಸ್‌ಎಂಎಸ್ ಬ್ಯಾಕಪ್ ಅಂಡ್ ರಿಸ್ಟೋರ್’ ಎಂಬಂಥ ಆ್ಯಪ್‌ಗಳು ಎಲ್ಲ ಎಸ್‌ಎಂಎಸ್‌ಗಳನ್ನೂ ಒಂದೇ ಕಡತವಾಗಿ ಮಾಡಿಕೊಡುವುವು. ಹತ್ತು ಸಾವಿರ ಸಂದೇಶಗಳಾದರೂ ಕೆಲವೇ ಛಾಯಾಚಿತ್ರಗಳಷ್ಟು ಸ್ಥಳವು ಸಾಕು. ಆ ಕಡತವನ್ನು ಒಂದು ಪೆನ್‌ಡ್ರೈವಿಗೂ, ಇನ್ನೊಂದು ಊರಿನಲ್ಲಿರುವ ನಂಬಿಕೆಯ ಮಗಳ ಗಣಕಯಂತ್ರಕ್ಕೂ ಹಾಕಿಟ್ಟರೆ ಒಂದು ಕಡೆ ಕಳ್ಳತನವೋ ಬೆಂಕಿಯೋ ಆದರೂ ಇನ್ನೊಂದು ಕಡೆ ಉಳಿಯುವುದು. ವಾಟ್ಸಾಪಿನಲ್ಲಿ ಒಬ್ಬೊಬ್ಬರೊಡನೆ ಆಡಿದ ಮಾತನ್ನು ‘ಎಕ್ಸ್‌ಪೋರ್ಟ್’ ಎಂಬುದರಿಂದ ಬರಹದ ಕಡತವಾಗಿ ತೆಗೆಯಬಹುದು. ಅದನ್ನು ಮರಳಿ ವಾಟ್ಸಾಪಿಗೆ ಸೇರಿಸಲಾಗದು, ಓದಲಿಕ್ಕೆ ಮಾತ್ರ. ಓದುವುದಲ್ಲದೆ ನಮಗೆ ಬೇಕಾದದ್ದೇನು? ಪ್ರತಿಮಾಡಿದ ಮೇಲೆ ಒಮ್ಮೆ ತೆರೆದು, ಕನ್ನಡ ಅಕ್ಷರಗಳು ಅಕ್ಷರಗಳಾಗಿಯೇ ಇವೆಯೇ, ಚೌಕಗಳೂ ಪ್ರಶ್ನಾರ್ಥಕ ಚಿಹ್ನೆಗಳೂ ಆಗಿ ಮಾರ್ಪಟ್ಟಿವೆಯೇ ಎಂಬುದನ್ನು ನೋಡಲೇಬೇಕು. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ನಾನು ಎಣಿಸುವುದಿಲ್ಲ.

ಎಲ್ಲವನ್ನೂ ಇಟ್ಟುಕೊಳ್ಳಬೇಕೆಂದೂ ನಾನು ಹೇಳುವುದಿಲ್ಲ. ಸೀರೆಯ ಅಂಗಡಿಯ ರಿಯಾಯಿತಿ, ಸಾಲ ಕೊಡುವೆವೆಂಬ ಕರೆ, ಮುಗಿದುಹೋದ ಒಟಿಪಿ ಇವು ಕಸ; ಗುಡಿಸಿ ಹಾಕಬೇಕು. ಗೆಳತಿಯು ನಂಬಿ ಹೇಳಿಕೊಂಡ ಮನೆಯ ದುಃಖವಿದ್ದರೆ ಅದು ನಮ್ಮ ಸೊತ್ತು ಮಾತ್ರವಲ್ಲ, ಆಕೆಯದೂ ಹೌದು. ಆಕೆ ಅಳಿಸೆಂದರೆ ಪ್ರತಿಯಿಂದಲೂ ಅಳಿಸುವುದು ಮರ್ಯಾದೆ. ಪ್ರತಿ ಹೆಚ್ಚಿದಂತೆ ಕಳ್ಳಗಣ್ಣಿಗೆ ದಾರಿಯೂ ಹೆಚ್ಚುವುದೆಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಅದಕ್ಕೆಂದೇ ಕಡತಕ್ಕೆ ಗುಪ್ತಪದವಿರಬೇಕು. ವಾಟ್ಸಾಪಿನ ದೂರದ ಪ್ರತಿಗೂ 2021ರಿಂದ ಅಂಥ ಬೀಗವನ್ನು ಹಾಕುವ ಅನುಕೂಲವಿದೆ. ಆದರೆ ಆ ಗುಪ್ತಪದವನ್ನು ಮರೆತರೆ ಕಂಪನಿಯೂ ತೆರೆದುಕೊಡಲಾರದು.

ಒಂದು ಬಗೆಯ ಸಂದೇಶವನ್ನು ಮಾತ್ರ ಯಾವ ಕಾರಣದಿಂದಲೂ ಅಳಿಸಬಾರದು. ಹೆಣ್ಣುಮಕ್ಕಳಿಗೆ ಬರುವ ಬೆದರಿಕೆಯ, ಅಸಭ್ಯವಾದ ಸಂದೇಶಗಳನ್ನು ಅವರು ನಾಚಿಕೆಯಿಂದಲೋ, ಅಪ್ಪನು ಕಂಡರೆ ಫೋನನ್ನೇ ಕಿತ್ತುಕೊಂಡಾನೆಂಬ ಭಯದಿಂದಲೋ ಕೂಡಲೇ ಅಳಿಸಿಬಿಡುವರು. ಅಳಿಸಿದ ಮೇಲೆ ಬರೆದವನು ಸಾಧುವಾಗುವನು, ಹೇಳಿದವಳು ಸುಳ್ಳುಗಾರ್ತಿಯಾಗುವಳು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದಲ್ಲಿ ಇಂಥ ವಿದ್ಯುನ್ಮಾನ ಬರಹಕ್ಕೆ ನ್ಯಾಯಾಲಯದಲ್ಲಿ ಸ್ಥಾನವುಂಟು. ಪ್ರತಿಯನ್ನು ಒಪ್ಪಿಸುವಾಗ ಅದರೊಡನೆ ಪ್ರಮಾಣಪತ್ರವೂ ಬೇಕು. ಆದಕಾರಣ ಪ್ರತಿಯನ್ನು ಮಾಡಿಟ್ಟ ಮೇಲೂ ಮೂಲದ ಫೋನನ್ನು ಮಾರದೆ, ಅಳಿಸದೆ ಇಟ್ಟುಕೊಳ್ಳುವುದು ವಿವೇಕ. ಹಣದ ವಂಚನೆಯಾಗಿದ್ದರೆ ಸಂದೇಶವನ್ನು ಎದುರಿಗಿಟ್ಟುಕೊಂಡು ತಡಮಾಡದೆ 1930ಕ್ಕೆ ಕರೆಮಾಡಬೇಕು. ದಿನಾಂಕ, ಮೊತ್ತ, ವ್ಯವಹಾರದ ಸಂಖ್ಯೆ ಮೂರೂ ಸಾಮಾನ್ಯವಾಗಿ ಆ ಸಂದೇಶದಲ್ಲಿಯೇ ಇರುವುವು. ತಂದೆತಾಯಿಗಳಲ್ಲಿ ನನ್ನ ಬಿನ್ನಹವೇನೆಂದರೆ, ಮಗಳು ಅಂಥ ಸಂದೇಶವನ್ನು ತಂದು ತೋರಿಸಿದ ದಿವಸ ಫೋನನ್ನು ಕಿತ್ತುಕೊಳ್ಳಬೇಡಿರಿ. ಕಿತ್ತುಕೊಂಡರೆ ಎರಡನೆಯದನ್ನು ಆಕೆ ತೋರಿಸುವುದಿಲ್ಲ.

ನಮ್ಮ ಹಳೆಯ ವಿದ್ಯಾರ್ಥಿನಿಯರ ಕೂಟದಲ್ಲಿ ಪ್ರತಿ ವರ್ಷವೂ ಹಾಡು, ಕಸೂತಿ, ಉಪಾಹಾರ ಇವು ನಡೆಯುವುವು, ನಡೆಯಲಿ. ಬರುವ ಸಲ ಒಂದು ಕೊಠಡಿಯಲ್ಲಿ ಎರಡು ಮೇಜುಗಳನ್ನು ಹಾಕಿ, ಗಣಕಯಂತ್ರವನ್ನು ಬಲ್ಲ ನಾಲ್ವರು ತರುಣಿಯರನ್ನು ಕುಳ್ಳಿರಿಸಿ, ಬಂದ ತಾಯಂದಿರಿಗೆಲ್ಲ ಅವರವರ ಕೈಯಿಂದಲೇ ಪ್ರತಿಮಾಡುವುದನ್ನು ಕಲಿಸಬೇಕೆಂದು ನನ್ನ ಸೂಚನೆ. ಫೋನನ್ನು ತರುಣಿಯರು ಮುಟ್ಟತಕ್ಕದ್ದಲ್ಲ; ಬೆರಳು ತಾಯಿಯದೇ ಆಗಿರಬೇಕು. ಒಬ್ಬರಿಗೆ ಅರ್ಧ ಗಂಟೆ ಹಿಡಿದೀತು. ಬರುವವರು ಚಾರ್ಜರಿನ ತಂತಿಯನ್ನೂ ಒಂದು ಪೆನ್‌ಡ್ರೈವನ್ನೂ ಕನ್ನಡಕವನ್ನೂ ಮರೆಯದೆ ತರಬೇಕು.